ಅನಿಯೆಲ್ಲೊನ ಮೂರೂವರೆ ಕಾಲಿನ ಕುರ್ಚಿ

ಅನಿಯೆಲ್ಲೊನ ಕುರ್ಚಿಗೆ ಇದ್ದದ್ದು ಮೂರೂವರೆ ಕಾಲು. ಕಮ್ಮಿ ಬಿದ್ದ ಅರ್ಧಕ್ಕೆ ಅವನು ಇಟ್ಟಿಗೆ ಚೂರು ಕೊಟ್ಟು ತಂತಿ ಸುತ್ತಿದ್ದ. ಕಾರು ಹೊರಗೆ ಹೋದಾಗ ಮನೆ ಬಾಗಿಲೆದುರು ಅದನ್ನು ನಿಲ್ಲಿಸುವ ಜಾಗ ಕಾಯುವುದು ಹತ್ತೊಂಬತ್ತು ವರ್ಷದಿಂದ ಅದರ ಕೆಲಸ. ನೇಪಲ್ಸಿನ ಆ ಓಣಿಗಳಲ್ಲಿ ಅಣ್ಣತಮ್ಮಂದಿರು ಆಸ್ತಿಗಾಗಿ ಹೊಡೆದಾಡುತ್ತಾರೆ. ಆದರೆ ಇನ್ನೊಬ್ಬನ ಕುರ್ಚಿಯನ್ನು ಮಾತ್ರ ಯಾರೂ ಸರಿಸುವುದಿಲ್ಲ.

ಆ ಮಂಗಳವಾರ ಡಾಕ್ಟರು ಅವನ ಮಂಡಿಯಿಂದ ನೀರು ತೆಗೆದು, ಎರಡು ದಿನ ನಡೆಯಲೇಬಾರದು ಎಂದು ಕಳಿಸಿದ್ದರು. ಹನ್ನೊಂದಕ್ಕೆ ಅವನು ಕಾರು ತಂದು ನೋಡಿದರೆ ಕುರ್ಚಿಯ ಮೇಲೆ ಕೆಂಪು ಟೋಪಿಯ ಪರದೇಶಿ ಹೆಂಗಸೊಬ್ಬಳು ಕಣ್ಣು ಮುಚ್ಚಿ ಕೂತಿದ್ದಳು. ಅವಳ ಹಿಂದೆ ಇನ್ನೂ ಆರು ಜನ ರೇಷನ್ ಅಂಗಡಿ ಮುಂದೆ ನಿಂತ ಹಾಗೆ ಸಾಲಾಗಿ ನಿಂತಿದ್ದರು.

ಅವನು ಹಾರ್ನ್ ಒತ್ತಿದ.

"ಬಡ್ಕೋಬೇಡ ಅನಿಯೆಲ್ಲೊ," ಎರಡನೇ ಮಹಡಿಯ ಬಾಲ್ಕನಿಯಿಂದ ಬ್ರೆಡ್ಡು ತರಿಸಲು ಹಗ್ಗಕ್ಕೆ ಕಟ್ಟಿದ ಬುಟ್ಟಿ ಇಳಿಬಿಡುತ್ತ ದೊನ್ನಾ ಎರ್ಮಿನಿಯಾ ಹೇಳಿದಳು. "ಅವರು ಪ್ರಾರ್ಥನೆ ಮಾಡ್ತಿದಾರೆ."

"ನನ್ನ ಕುರ್ಚಿ ಮೇಲೆ ಕೂತು ಏನು ಪ್ರಾರ್ಥನೆ?"

"ಮಕ್ಕಳಾಗ್ಲಿ ಅಂತ."

ಮೂರು ಓಣಿ ಮೇಲಿನ ಕಾನ್ವೆಂಟಿನಲ್ಲಿ ಒಬ್ಬ ಸಂತಳ ಕುರ್ಚಿ ಇತ್ತು. ಮಕ್ಕಳಿಲ್ಲದವರು ಅದರ ಮೇಲೆ ಕೂತು ಬೇಡಿಕೊಳ್ಳುತ್ತಿದ್ದರು. ಸೂರು ಸೋರುತ್ತಿದೆಯೆಂದು ಸನ್ಯಾಸಿನಿಯರು ಅಂದು ಬಾಗಿಲಿಗೆ ಬೀಗ ಜಡಿದಿದ್ದರು. ಎರ್ಮಿನಿಯಾಳ ಅಳಿಯ ತುಲ್ಲಿಯೊ 'ಯಾರೂ ನೋಡದ ನೇಪಲ್ಸ್' ತೋರಿಸುತ್ತೇನೆಂದು ಏಳು ಜನ ಪ್ರವಾಸಿಗರನ್ನು ಕರೆತಂದವನು ಬೀಗ ನೋಡಿ ಅತ್ತೆಯ ಹತ್ತಿರ ಓಡಿ ಬಂದಿದ್ದ. ಅತ್ತೆ ಸಾರಿನ ಸೌಟಿನಿಂದಲೇ ಕೆಳಗೆ ತೋರಿಸಿದ್ದಳು: ಅಲ್ಲೊಂದು ಕುರ್ಚಿ ಇದೆಯಲ್ಲ.

"ಹತ್ತು ನಿಮಿಷ ಮಾವಾ," ತುಲ್ಲಿಯೊ ಕಾರಿನ ಕಿಟಕಿಗೆ ಬಗ್ಗಿದ.

"ಯಾವ ಸೀಮೆ ಮಾವನೋ ನಾನು ನಿಂಗೆ? ಎಬ್ಸು ಅವಳನ್ನ."

ಅಷ್ಟರಲ್ಲಿ ಇಟ್ಟಿಗೆ ಜಾರಿ ಕುರ್ಚಿ ವಾಲಿತು. ಕೆಂಪು ಟೋಪಿಯವಳು ಕಿರುಚಿಕೊಂಡು ಎದ್ದು ತುಲ್ಲಿಯೊನ ಕಿವಿಯಲ್ಲಿ ಏನೋ ಹೇಳಿದಳು.

"ಸಂತಳೇ ಕುರ್ಚಿ ಅಲುಗಾಡಿಸಿ ಸೂಚನೆ ಕೊಟ್ಟಳಂತೆ," ತುಲ್ಲಿಯೊ ಎಲ್ಲರಿಗೂ ಕೇಳುವಂತೆ ಸಾರಿದ.

ಹಿಂದೆ ನಿಂತ ಮೂರು ಸ್ಕೂಟರುಗಳು ಅನಿಯೆಲ್ಲೊನ ವಂಶವನ್ನೆಲ್ಲ ಬೈಯತೊಡಗಿದ್ದವು. ಅವನು ಹಲ್ಲು ಕಚ್ಚಿಕೊಂಡು ಹೊರಟ. ಆ ಗುಡ್ಡವನ್ನು ಒಂದು ಸುತ್ತು ಹಾಕಿ ಬರಲು ನಲವತ್ತು ನಿಮಿಷ. ತಿರುಗಿ ಬಂದಾಗ ಕುರ್ಚಿಯ ಬೆನ್ನಿಗೆ ಗುಲಾಬಿ ರಿಬ್ಬನ್ ಬಂದಿತ್ತು, ಕಾಲ ಬಳಿ ಮೇಣದಬತ್ತಿ ಉರಿಯುತ್ತಿತ್ತು. ಸಾಲಿನಲ್ಲಿ ಈಗ ಓಣಿಯ ಬೇಕರಿಯವನ ಸೊಸೆಯೂ ಇದ್ದಳು.

"ನಿಂಗೇನಾಗಿದೆ? ಇದು ನನ್ನ ಕುರ್ಚಿ ಅಂತ ಗೊತ್ತಿಲ್ವಾ?"

"ಗೊತ್ತು ದೊನ್ ಅನಿಯೆಲ್ಲೊ. ಆದ್ರೆ ಅಲ್ಲಿ ಬೀಗ ಹಾಕವ್ರೆ. ಪಾಪ, ಸಂತ ಎಲ್ಲಾದ್ರೂ ಕೂತ್ಕೋಬೇಕಲ್ಲ."

ಅನಿಯೆಲ್ಲೊನ ತಲೆಯೊಳಗೆ ಹಾಲು ಉಕ್ಕಿ ಒಲೆ ಆರಿದ ಹಾಗಾಯಿತು. ಕಾರನ್ನು ಓಣಿಯ ನಡುವೆಯೇ ಬಿಟ್ಟು ಇಳಿದು ಪೊಲೀಸರಿಗೆ ಫೋನು ಮಾಡಿದ. ಆ ಓಣಿಯಲ್ಲಿ ಇಲ್ಲಿಯವರೆಗೆ ಯಾರೂ ಮಾಡದ ಕೆಲಸ ಅದು. ಒಂದೊಂದೇ ಕಿಟಕಿ ತೆರೆದುಕೊಂಡಿತು.

ಬಂದವನು ಬಿಳಿ ಟೋಪಿಯ ದಪ್ಪನೆಯ ಸಂಚಾರಿ ಪೊಲೀಸ್. ಸಾಲನ್ನೂ ಕುರ್ಚಿಯನ್ನೂ ನೋಡಿ ಪುಸ್ತಕ ತೆಗೆದ.

"ರಸ್ತೆ ಮೇಲೆ ಕುರ್ಚಿ ಇಟ್ಟು ಜಾಗ ಹಿಡಿಯೋದು ತಪ್ಪು. ಯಾರದಿದು?"

ಅನಿಯೆಲ್ಲೊ ಎತ್ತಿದ ಕೈಯನ್ನು ತಲೆಗೆ ಒಯ್ದು ಕೆರೆದುಕೊಂಡ.

"ಇಟ್ಟವರು ಯಾರು ಅಂತ ಗೊತ್ತಾದ್ರೆ ದಂಡಾನೂ ಹಾಕ್ತೀನಿ, ಕಾರನ್ನೂ ಎತ್ತಿಸ್ತೀನಿ. ಎಷ್ಟು ವರ್ಷದಿಂದ ಇದೆ ಇಲ್ಲಿ?"

ಅನಿಯೆಲ್ಲೊ ಮೇಲೆ ನೋಡಿದ. ಎರ್ಮಿನಿಯಾ ಸೌಟು ಹಿಡಿದು ಕಾಯುತ್ತಿದ್ದಳು.

"ಸಂತಳದು," ಅವನು ಹಲ್ಲಿನ ಸಂದಿಯಿಂದ ಹೇಳಿದ.

"ಕೇಳಿಸ್ಲಿಲ್ಲ."

"ಸಂತಳ ಕುರ್ಚಿ ಸಾರ್. ನಮ್ಮಜ್ಜಿ ಕಾಲದಿಂದ್ಲೂ ಇಲ್ಲೇ ಇದೆ."

ಪೊಲೀಸ್ ಟೋಪಿ ತೆಗೆದು ಎದೆಯ ಮೇಲೆ ಶಿಲುಬೆ ಗುರುತು ಎಳೆದುಕೊಂಡ. "ಮೊದ್ಲೇ ಹೇಳ್ಬಾರ್ದಾ? ಇಂಥ ಜಾಗದ ಮುಂದೆ ಗಾಡಿ ನಿಲ್ಸೋಕೆ ಬಿಡ್ತಾರೇನ್ರೀ?" ಎಂದವನೇ ಗಾಡಿ ತಡೆಯುವ ಎರಡು ಕೆಂಪು ಪ್ಲಾಸ್ಟಿಕ್ ಶಂಕುಗಳನ್ನು ತಂದು ಕುರ್ಚಿಯ ಆಚೆಗೊಂದು ಈಚೆಗೊಂದು ಇಟ್ಟ. "ಆ ಅಡ್ಡ ನಿಂತಿರೋ ಡಬ್ಬಿ ಯಾರದು? ತೆಗೀರಿ."

ಕಾರಿಗೆ ಜಾಗ ಸಿಕ್ಕಿದ್ದು ಕೆಳಗೆ ಬಂದರಿನ ಹತ್ತಿರ. ಅಲ್ಲಿಂದ ಮನೆಗೆ ಇನ್ನೂರ ಹನ್ನೆರಡು ಮೆಟ್ಟಿಲು. ಅನಿಯೆಲ್ಲೊ ಪ್ರತಿಯೊಂದಕ್ಕೂ ಒಬ್ಬೊಬ್ಬರ ಹೆಸರಿಟ್ಟು ಬೈದುಕೊಂಡು ಹತ್ತಿದ. ಹೆಸರುಗಳು ಮುಗಿದ ಮೇಲೆ ತನ್ನದನ್ನೇ ಹಿಡಿದ. ಮೂರು ಗಂಟೆಗೆ ಓಣಿ ಮುಟ್ಟಿದಾಗ ಮಂಡಿ ಗುಂಡು ಬದನೆಕಾಯಿಯಂತೆ ಊದಿತ್ತು. ಎದುರಿಗೆ ಅವನ ಹತ್ತೊಂಬತ್ತು ವರ್ಷದ ಜಾಗ ಖಾಲಿ ಬಿದ್ದಿತ್ತು. ಕುರ್ಚಿಯೂ ಆ ಕ್ಷಣಕ್ಕೆ ಖಾಲಿ ಇತ್ತು. ಮನೆಯ ಮೆಟ್ಟಿಲು ಹತ್ತುವ ಮೊದಲು ಒಂದು ನಿಮಿಷ ಕೂರೋಣವೆಂದು ಅವನು ಅದರ ಬೆನ್ನಿಗೆ ಕೈಯಿಟ್ಟ.

"ಏಯ್, ಸಾಲಲ್ಲಿ ಬಾರೋ," ಮೇಲಿನಿಂದ ಎರ್ಮಿನಿಯಾ ಕೂಗಿದಳು.

ಸಾಲಿನ ಮೊದಲಿಗೆ ಅದೇ ಪೊಲೀಸ್ ನಿಂತಿದ್ದ, ಟೋಪಿ ಕಂಕುಳಲ್ಲಿ, ಪಕ್ಕದಲ್ಲಿ ಮಗಳು. "ಮದುವೆ ಆಗಿ ಆರು ವರ್ಷ ಆಯ್ತು ಇವಳಿಗೆ," ಎಂದು ಮೆತ್ತಗೆ ಹೇಳಿ ಅನಿಯೆಲ್ಲೊನ ಕೈಯನ್ನು ಕುರ್ಚಿಯಿಂದ ಬಿಡಿಸಿದ. "ಹಿಂದೆ ಹೋಗಿ ಯಜಮಾನ್ರೇ. ನೀವೇ ಹೇಳಿದ್ರಲ್ಲ, ಇದು ಸಂತಳ ಕುರ್ಚಿ ಅಂತ. ನಿಮ್ಮಪ್ಪನ ಮನೇದಲ್ಲ."

ಅನಿಯೆಲ್ಲೊ ಕುಂಟುತ್ತ ಹಿಂದಕ್ಕೆ ಹೋದ. ಅವನ ಮುಂದೆ ಹನ್ನೊಂದು ಜನರಿದ್ದರು. ಹೊಸ ಗುಂಪೊಂದಕ್ಕೆ ಓಣಿ ತೋರಿಸುತ್ತಿದ್ದ ತುಲ್ಲಿಯೊ ಅವನತ್ತ ಕೈ ಮಾಡಿ ದನಿ ತಗ್ಗಿಸಿದ: "ನೋಡಿ, ಅರವತ್ತೊಂದು ವರ್ಷ ಇವರಿಗೆ. ಇನ್ನೂ ಆಸೆ ಬಿಟ್ಟಿಲ್ಲ."