ನಮ್ಮತ್ತಿಗೆಯ ಹಾಜರಿ ಪ್ರಕರಣ

ನಮ್ಮತ್ತಿಗೆ ಡಿಗ್ರಿ ಓದಿದ್ದೇ ನಿದ್ದೆಯಲ್ಲಿ ಎಂದರೆ ನೀವು ನಂಬುವುದಿಲ್ಲ. ಬೇಡ, ಬಿಡಿ. ಅದೇ ಬೆಂಚಿನಲ್ಲಿ ಪಕ್ಕಕ್ಕೆ ಕೂತು ಅವರ ತಲೆಯ ಭಾರ ಹೊತ್ತ ನನ್ನ ಎಡಭುಜವೇ ಸಾಕ್ಷಿ!

ಮಗಳನ್ನು ಒಂದನೇ ಕ್ಲಾಸಿಗೆ ಸೇರಿಸಿ ಬಂದ ದಿನ ಅತ್ತಿಗೆಗೆ ತಾನೂ ಎಲ್ಲಾದರೂ ಸೇರಬೇಕು ಅನ್ನಿಸಿತಂತೆ. ನಾನಾಗ ದೊಡ್ಡಬಳ್ಳಾಪುರದ ಸರ್ಕಾರಿ ಡಿಗ್ರಿ ಕಾಲೇಜಿಗೆ ಸೇರುವವಳಿದ್ದೆ. ಫೀಸು ಕಮ್ಮಿ, ಹಾಸ್ಟೆಲ್ಲಿನ ಗೋಜಿಲ್ಲ, ಬೆಳಗ್ಗೆ ಬಸ್ಸು ಹತ್ತಿದರೆ ಸಂಜೆ ಮನೆ. ಪಿಯುಸಿ ಮುಗಿಸಿದ್ದೇ ಮದುವೆಯಾಗಿ ಬಂದಿದ್ದ ಅತ್ತಿಗೆ ನನ್ನ ಜೊತೆ ತಾವೂ ಸೇರಿಬಿಟ್ಟರು. ಅಣ್ಣ ಹೂಂ ಅಂದ. ಅಮ್ಮ ಮಾತ್ರ ಗೊಣಗಿದಳು.

"ಡಿಗ್ರಿ ಆಗೈತಾ ಅಂತ ಕೇಳೋದು ಮದ್ವೆಗೆ ಮುಂಚೆ. ಆದ್ಮೇಲೆ ಯಾರಿಗ್ ತೋರ್ಸಕ್ಕೆ?"

"ನಂಗೇ ತೋರ್ಸ್ಕೊಳ್ಳಕ್ಕೆ ಅತ್ತೆ," ಎಂದು ಅತ್ತಿಗೆ ಚೀಲ ಹೆಗಲಿಗೇರಿಸಿದರು. ಒಂದು ವರ್ಷ ಫೇಲಾದರೂ ಓದು ಬಂದ್, ಎಂದು ಅಮ್ಮ ಷರತ್ತು ಹಾಕಿದಳು.

ಬಸ್ಸು ಊರು ಬಿಡುತ್ತಿದ್ದಂತೆ ಅತ್ತಿಗೆಗೆ ನಿದ್ದೆ. ಹೊರಗೆ ಮಂಜಿನಲ್ಲಿ ಮುಳುಗಿದ ರಾಗಿ ಹೊಲ, ದ್ರಾಕ್ಷಿ ಚಪ್ಪರ. ಒಳಗೆ ಕಿಟಕಿಗೊರಗಿದ ಅತ್ತಿಗೆ. ಬರೀ ನಿದ್ದೆಯಾಗಿದ್ದರೆ ನಾನೇಕೆ ಬರೆಯುತ್ತಿದ್ದೆ? ಅದರ ತುಂಬ ಕನಸು! ದಾರಿಯಲ್ಲಿ ಸಿಗುವ ರಾಜಘಟ್ಟದಲ್ಲಿ ಹಳೆಯ ಬೌದ್ಧ ವಿಹಾರ ಅಗೆದು ತೆಗೆದಿದ್ದಾರೆ. ಇತಿಹಾಸದ ಕ್ಲಾಸಿನಲ್ಲಿ ಅದರ ಪಾಠ ಕೇಳಿದ ಮೇಲಂತೂ ಅತ್ತಿಗೆಯ ಕನಸಿನಲ್ಲಿ ಆ ಸ್ಟಾಪಿಗೆ ಭಿಕ್ಷುಗಳೇ ಬಸ್ಸು ಹತ್ತತೊಡಗಿದರು.

"ಇವತ್ತು ಎಂಟ್ಹತ್ತು ಜನ ಹತ್ತಿದ್ರು ಕಣೆ. ಸೀಟಿದ್ರೂ ಕೂರ್ಲಿಲ್ಲ."

"ಟಿಕೆಟ್ ತಗೊಂಡ್ರಾ ಅತ್ತಿಗೆ?"

"ಎಲ್ಲಿಗೆ, ಎಲ್ಲಿಗೆ ಅಂತ ಕಂಡಕ್ಟರ್ ಕೇಳ್ತಾನೇ ಇದ್ದ. ಮೌನವ್ರತ ನೋಡು, ಬಾಯೇ ಬಿಡ್ಲಿಲ್ಲ!"

ಹೇಳುವಾಗ ಅವರ ಮುಖದಲ್ಲಿ ಎಂಥ ಸಂತೋಷ ಅಂತೀರಿ! ಒಮ್ಮೊಮ್ಮೆ ನನಗೂ ಯಾರದೋ ಕಾವಿಬಟ್ಟೆ ಮೊಣಕೈಗೆ ಸವರಿದ ಹಾಗಾಗುತ್ತಿತ್ತು.

ಅವರು ಬಸ್ಸಿಳಿದರೂ ಕನಸು ಇಳಿಯಬೇಕಲ್ಲ? ಮೊದಲ ಪೀರಿಯಡ್ಡಿಗೇ ತಲೆ ನನ್ನ ಭುಜದ ಮೇಲೆ. ಹಾಜರಿಯಲ್ಲಿ ಹೆಸರು ಕರೆದರೆ "ಪ್ರೆಸೆಂಟ್ ಸಾರ್" ಅನ್ನಬೇಕು ತಾನೇ? ಅತ್ತಿಗೆ ದಡಬಡಿಸಿ ಎದ್ದು "ಹೋಲ್ಡಾನ್, ಹೋಲ್ಡಾನ್! ಇಳಿಯೋರಿದೀವಿ!" ಅಂದುಬಿಟ್ಟರು. ಹಿಂದಿನ ಬೆಂಚಿನ ಹುಡುಗರು "ರೈಟ್, ರೈಟ್!" ಎಂದು ಕೂಗಿದರು.

"ಬಸ್ಸಲ್ಲಿರೋರ್ಗೆ ಕ್ಲಾಸಲ್ಲಿ ಹೆಂಗಮ್ಮ ಹಾಜರಿ ಕೊಡ್ಲಿ?" ಎಂದು ಮೇಷ್ಟ್ರು ಗೈರುಹಾಜರಿ ಹಾಕಿದರು. ಇದೇ ಕಥೆ ಮರುದಿನವೂ, ಅದರ ಮರುದಿನವೂ. ಕೊನೆಗೆ ಹಾಜರಿ ಸಾಲದೆ ಪರೀಕ್ಷೆಗೇ ಕುತ್ತು ಬಂತು. ಮನೆಯಿಂದ ಹಿರಿಯರನ್ನು ಕರೆತನ್ನಿ ಎಂದರು ಪ್ರಿನ್ಸಿಪಾಲರು.

ಬೇರೆ ಹುಡುಗರು ಬಾಡಿಗೆ ಅಪ್ಪಂದಿರನ್ನು ಕರೆತರುತ್ತಿದ್ದರು. ನಮ್ಮತ್ತಿಗೆ ಕರೆತಂದದ್ದು ಅಸಲಿ ಅತ್ತೆಯನ್ನು!

"ತಾವು ಹುಡುಗೀಗೆ ಏನಾಗ್ಬೇಕು?"

"ಅತ್ತೆ, ಸಾಮಿ."

ಪ್ರಿನ್ಸಿಪಾಲರು ಒಂದು ಗುಟುಕು ನೀರು ಕುಡಿದರು. "ನಿಮ್ ಸೊಸೆ ದಿನಾ ಕ್ಲಾಸಲ್ಲಿ ನಿದ್ದೆ ಮಾಡ್ತಾರಮ್ಮ. ಹಿಂಗಾದ್ರೆ ಪರೀಕ್ಷೆಗೆ ಕೂರ್ಸಕ್ಕಾಗಲ್ಲ."

ಅತ್ತಿಗೆ ತಲೆ ತಗ್ಗಿಸಿದರು. ಓದು ಬಿಡಿಸಲು ಅಮ್ಮನಿಗೆ ಇದಕ್ಕಿಂತ ಒಳ್ಳೆಯ ನೆಪ ಬೇಕಿತ್ತೇ?

ಅಮ್ಮ ಸೊಸೆಯನ್ನೇ ಬಹಳ ಹೊತ್ತು ನೋಡಿದಳು.

"ಮನೇಲಿ ಇವಳು ಮಲಗಿದ್ದನ್ನ ನಾನು ನೋಡೇ ಇಲ್ಲ ಸಾಮಿ," ಅಂದಳು ಮೆಲ್ಲಗೆ. "ನಾನು ಮಲಗೋವಾಗ್ಲೂ ಎದ್ದಿರ್ತಾಳೆ, ಏಳೋವಾಗ್ಲೂ ಎದ್ದಿರ್ತಾಳೆ. ಪರೀಕ್ಷೆಗೆ ಕೂರ್ಸಿ. ಇವಳ ನಿದ್ದೆ ಜವಾಬ್ದಾರಿ ನಂದು."

ಪ್ರಿನ್ಸಿಪಾಲರಿಗೆ ಏನನ್ನಿಸಿತೋ, ಭಾನುವಾರದ ವಿಶೇಷ ತರಗತಿಗೆ ಬಂದರೆ ಹಾಜರಿ ಸರಿಹೋಗುತ್ತದೆ ಎಂದರು.

ಮರುದಿನ ನಸುಕಿನಲ್ಲಿ ಎಚ್ಚರವಾಗಿ ಕೊಟ್ಟಿಗೆಗೆ ಹೋದರೆ, ದಿನಾ ಅತ್ತಿಗೆ ಕೂರುತ್ತಿದ್ದ ಜಾಗದಲ್ಲಿ ಅಮ್ಮ ಹಾಲು ಕರೆಯುತ್ತಿದ್ದಳು. ಕೈಕೊಡೋಣವೆಂದು ಎತ್ತಿಕೊಂಡ ಬಕೆಟ್ಟು ಗೋಡೆಗೆ ತಾಗಿ ಸದ್ದಾಯಿತು.

"ಶ್! ಮೆಲ್ಲಗೆ ಕಣೆ," ಎಂದು ಅಮ್ಮ ಪಿಸುಗುಟ್ಟಿದಳು. "ಬಸ್ಸಿಗಿನ್ನೂ ಟೈಮೈತೆ. ನನ್ ಮಗಳು ಮಲ್ಗವ್ಳೆ."

ಅವಳು ಹೆತ್ತ ಒಬ್ಬಳೇ ಮಗಳು ನಾನು, ಬಕೆಟ್ಟು ಹಿಡಿದು ಅವಳೆದುರಿಗೇ ನಿಂತಿದ್ದೆ.