ಶಿಸ್ತಿಗೆ ಕೆಮ್ಮಿದ ಕಾರು

ಶಿಸ್ತಿನಿಂದ ಕೆಟ್ಟವರಿಲ್ಲ ಎಂದು ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿ ಮೂವತ್ತು ವರ್ಷ ಹೇಳಿದವನು ನಾನು. ಈಗ ಒಂದು ತಿದ್ದುಪಡಿ ಮಾಡಿಕೊಂಡಿದ್ದೇನೆ: ಮನುಷ್ಯರು ಕೆಡುವುದಿಲ್ಲ, ಕಾರು ಕೆಡುತ್ತದೆ. ನಮ್ಮ ವಿಜಯನಗರದ ಮನೆಯಲ್ಲಿ ಉಪ್ಪಿಟ್ಟಿಗೂ ವಾರ ಗೊತ್ತುಮಾಡಿದೆ. ಇಂಥ ಮನೆಯಲ್ಲಿ ಹುಟ್ಟಿದ ಮಗಳು ನಂದಿನಿ ರಜೆ ಬಂತೆಂದರೆ ರೇಸಿನಲ್ಲಿ ಕಾರು ಓಡಿಸಲು ಹೋಗುತ್ತಾಳೆ. ಆಫೀಸಿನ ಕೆಲಸಕ್ಕೆ ಮೂರು ತಿಂಗಳು ಪುಣೆಗೆ ಹೊರಟಾಗ ಆ ರೇಸಿನ ಕಾರಿನ ಕೀ ನನಗೆ ಕೊಟ್ಟು, "ವಾರಕ್ಕೊಂದ್ಸಲ ಕೆಂಗೇರಿ ತನಕ ಓಡಿಸ್ಕೊಂಡ್ ಬನ್ನಿ ಅಪ್ಪಾ, ಸಾಕು" ಎಂದಳು.

ಮೊದಲ ವಾರವೇ ಆಕ್ಸಿಲರೇಟರ್ ಮೇಲೆ ಕಾಲಿಟ್ಟೆನೋ ಇಲ್ಲವೋ, ಆ ಕಾರು ಹುಲಿ ಕಂಡ ಹೋರಿಯಂತೆ ನುಗ್ಗಿತು. ಅಲ್ಲಿಗೆ ಕೆಂಗೇರಿ ಬಂದ್. ಬದಲಿಗೆ ದಿನಾ ಬೆಳಿಗ್ಗೆ ಆರಕ್ಕೆ, ನಿಂತಲ್ಲೇ, ಹತ್ತು ನಿಮಿಷ ಎಂಜಿನ್ ಚಾಲೂ ಮಾಡಿಡುತ್ತಿದ್ದೆ. ವಾರಕ್ಕೊಮ್ಮೆಗಿಂತ ದಿನಾ ಮಾಡುವುದು ಮೇಲಲ್ಲವೇ? ಮೂರನೆಯ ತಿಂಗಳಿಗೆ ಕಾರು ಕೆಮ್ಮತೊಡಗಿತು, ನಡುಗತೊಡಗಿತು. ಅವಳು ಬರಲು ಹತ್ತು ದಿನ ಉಳಿದಿತ್ತು. ಬಂದ ಮರುದಿನವೇ ರೇಸು.

ಹೆಗ್ಗನಹಳ್ಳಿಯ ಮೆಕ್ಯಾನಿಕ್ ಮಂಜಣ್ಣ ಎಂಜಿನ್ನಿಗೆ ಪೆಟ್ರೋಲು ಚಿಮ್ಮಿಸುವ ನಾಲ್ಕು ಇಂಜೆಕ್ಟರ್‌ಗಳನ್ನು ಬಿಚ್ಚಿ, ಪರೀಕ್ಷೆ ಮಾಡುವ ಯಂತ್ರಕ್ಕೆ ಸಿಕ್ಕಿಸಿ ತೋರಿಸಿದ. ಕೆಳಗಿನ ಗಾಜಿನ ಕೊಳವೆಗಳಲ್ಲಿ ಎರಡು ತುಂಬಿದವು, ಒಂದು ಅರ್ಧಕ್ಕೆ ನಿಂತಿತು, ಇನ್ನೊಂದು ಬರೀ ತೊಟ್ಟಿಕ್ಕಿತು. ನನ್ನ ಡ್ರಿಲ್ಲಿನಲ್ಲಾಗಿದ್ದರೆ ಆ ಎರಡನ್ನು ಬಿಸಿಲಿಗೆ ನಿಲ್ಲಿಸುತ್ತಿದ್ದೆ.

"ನಿಲ್ಸಿ ನಿಲ್ಸಿ ಉರಿಸಿದ್ದಕ್ಕೆ ಮಸಿ ಕಟ್ಕೊಂಡೈತೆ ಸಾರ್. ಕ್ಲೀನ್ ಮಾಡಿದ್ರೂ ಆಗ್ಲಿಲ್ಲ, ನಾಲ್ಕೂ ಹೊಸದು ಹಾಕ್ಬೇಕು. ಇದೇ ಮಾಡೆಲ್ ಈಗ ಬರ್ತಿಲ್ಲ" ಎಂದು ದೊಡ್ಡದು, ಮಧ್ಯದ್ದು, ಚಿಕ್ಕದು ಹೀಗೆ ಮೂರು ಬಗೆ ಮೇಜಿನ ಮೇಲೆ ತಂದಿಟ್ಟ.

"ರೇಸಿನ ಗಾಡಿ. ದೊಡ್ಡದೇ ಹಾಕಪ್ಪ."

"ದೊಡ್ಡದು ಹಾಕಿದ್ರೆ ಪೆಟ್ರೋಲ್ ಜಾಸ್ತಿ ಕುಡ್ದು ಹೊಗೆ ಉಗುಳುತ್ತೆ."

"ಹಾಗಾದ್ರೆ ಚಿಕ್ಕದು."

"ಮೇಡಂ ಜೋರಾಗಿ ಓಡಿಸ್ದಾಗ ಪೆಟ್ರೋಲ್ ಸಾಲ್ದೆ ಎಂಜಿನ್ನೇ ಸುಟ್ಟೋಗುತ್ತೆ. ಅವ್ರು ಎಂಜಿನ್ ಹೆಂಗ್ ಟ್ಯೂನ್ ಮಾಡ್ಸವ್ರೆ ಅಂತ ಅವ್ರಿಗೇ ಗೊತ್ತು. ಒಂದ್ ಫೋನ್ ಹಾಕಿ ಸಾರ್."

ಫೋನ್ ಮಾಡುವುದೆಂದರೆ ತಪ್ಪೊಪ್ಪಿಕೊಳ್ಳುವುದು. ಚಹಾ ಕುಡಿದೆ. ಗೋಡೆಯ ಕ್ಯಾಲೆಂಡರಿನ ಹಬ್ಬಗಳನ್ನೆಲ್ಲ ಓದಿದೆ. 'ಮಧ್ಯದ್ದನ್ನೇ ಹಾಕಿಬಿಡು' ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಹೆಲ್ಮೆಟ್ ತೊಟ್ಟು ಶರವೇಗದಲ್ಲಿ ಹೋಗುತ್ತಿರುವ ಮಗಳು, ಅವಳ ಮುಂದೆ ಸುಡುವ ಎಂಜಿನ್ನು ಕಣ್ಣಿಗೆ ಕಟ್ಟಿದವು. ನಂಬರ್ ಒತ್ತಿದೆ. ಎಲ್ಲ ಹೇಳಿದೆ.

"ಮೂರು ತಿಂಗ್ಳು, ದಿನಾ, ನಿಂತಲ್ಲೇನಾ ಅಪ್ಪಾ?"

"ಒಂದು ದಿನಾನೂ ತಪ್ಪಿಸಿಲ್ಲಮ್ಮಾ" ಎಂದೆ. ದನಿಯಲ್ಲಿ ಹೆಮ್ಮೆ ಇಣುಕಿಬಿಟ್ಟಿತು. ಬೈಗುಳಕ್ಕೆ ಕಾದವನಿಗೆ ಕೇಳಿಸಿದ್ದು ಉಸಿರುಕಟ್ಟುವಂಥ ನಗು. "ಮಂಜಣ್ಣಂಗ್ ಕೊಡಿ ಫೋನು" ಎಂದಳು. ಅವಳಿಗೆ ಬೇಕಾದದ್ದು ಮೇಜಿನ ಮೇಲಿದ್ದ ಮೂರೂ ಅಲ್ಲವಂತೆ, ನಾಲ್ಕನೆಯದೊಂದು ಬಗೆಯಂತೆ! ನನ್ನ ಮಧ್ಯದ್ದನ್ನು ನೆನೆದು ಬೆವರಿದೆ. ವಾರದಲ್ಲಿ ಅದು ಬಂತು. ಈ ಸಲ ನಾಲ್ಕು ಕೊಳವೆಗಳೂ ಒಂದೇ ಗೆರೆಗೆ ತುಂಬಿದಾಗ ಬಾಯಿಂದ "ಶಭಾಷ್" ಹೊರಟಿತು.

ರೇಸು ಸುಸೂತ್ರವಾಗಿ ಮುಗಿಯಿತು. ಮೊನ್ನೆ ಮತ್ತೆ ಪುಣೆಗೆ ಹೊರಟವಳು ಕೀಯನ್ನು ನನ್ನ ಹೆಂಡತಿಯ ಕೈಗಿತ್ತಳು.

"ನಿಮ್ಮಮ್ಮಂಗೆ ಡ್ರೈವಿಂಗೇ ಬರಲ್ಲವಲ್ಲೇ!" ಎಂದೆ.

"ಅದಕ್ಕೇ ಅಪ್ಪಾ" ಎಂದಳು.

ಅವಮಾನವಾಗಬೇಕಿತ್ತು. ನಿಜ ಹೇಳುತ್ತೇನೆ, ಜೀವ ಹಗುರಾಯಿತು.