ಗುರುತು ಹೇಳಿ, ದೇವರನ್ನು ಒಯ್ಯಿರಿ

ಗುಮಾಸ್ತ: ಎರಡನೇ ಸಲ ಹೇಳ್ತಿದೀನಿ. ಏಳನೇ ಕಾಲಂನಲ್ಲಿ ಬರೀ ‘ದೇವರು’ ಅಂತ ಗೀಚಿದ್ರೆ ಅರ್ಜಿ ಒಳಗೆ ಹೋಗಲ್ಲ. ದೇವರು ಅಂದ್ರೆ ಏನು, ಅದನ್ನ ಬರೀರಿ.

ಮೇಷ್ಟ್ರು: ದೇವರು ಅಂದ್ರೆ... ದೇವರು ಕಣ್ರೀ!

ಗುಮಾಸ್ತ: ಛತ್ರಿ ಅಂದ್ರೆ ಛತ್ರಿ ಅಂತ ಬರೆದವರಿಗೆಲ್ಲ ಛತ್ರಿ ಕೊಟ್ಟಿದ್ರೆ, ಇಷ್ಟು ಹೊತ್ತಿಗೆ ಊರಲ್ಲಿ ಒಬ್ಬರ ಛತ್ರಿ ಇನ್ನೊಬ್ಬರ ತಲೆ ಮೇಲಿರ್ತಿತ್ತು. ಬೋರ್ಡು ಓದಿ.

ಕಿಟಕಿಯ ಮೇಲೆ ಬೋರ್ಡು ತೂಗುತ್ತಿತ್ತು: ‘ವಿವರವು ಕಳೆದ ವಸ್ತುವಿಗೆ ಮಾತ್ರ ಹೊಂದಬೇಕು. ಬೇರೆ ಯಾವುದಕ್ಕೂ ಹೊಂದಬಾರದು.’

ಬಸ್ಸುಗಳಲ್ಲಿ ಜನ ಮರೆತುಬಿಟ್ಟ ಸಾಮಾನುಗಳನ್ನು ಕೂಡಿಡುವ ಕಚೇರಿ ಅದು. ಅಲ್ಲಿನ ಪದ್ಧತಿ ಯಾವ ಪುಣ್ಯಾತ್ಮನ ತಲೆಯಲ್ಲಿ ಹುಟ್ಟಿತೋ! ಗಂಟು ಬಂದರೆ ಗಂಟಾಗಿ ಇಡುವುದಿಲ್ಲ. ಬಿಚ್ಚಿ, ಬಟ್ಟೆಯನ್ನು ಬಟ್ಟೆಯ ವಿಭಾಗಕ್ಕೆ, ಲೋಹವನ್ನು ಲೋಹದ ವಿಭಾಗಕ್ಕೆ, ಕಲ್ಲು ಗಾಜುಗಳನ್ನು ಈ ನಾಲ್ಕನೇ ಕಿಟಕಿಗೆ ಹಂಚಿಬಿಡುತ್ತಾರೆ. ಹೊಲಿಗೆ ಡಬ್ಬಿ ಕಳೆದುಕೊಂಡವರು ದಾರಕ್ಕೊಂದು ಮಹಡಿ, ಸೂಜಿಗೊಂದು ಮಹಡಿ ಹತ್ತಬೇಕು. ದೇವರನ್ನು ಸುತ್ತಿದ್ದ ಬಟ್ಟೆಯನ್ನು ಮೇಷ್ಟ್ರು ಮೂರನೇ ಮಹಡಿಯಲ್ಲಿ ಐದೇ ನಿಮಿಷದಲ್ಲಿ ಬಿಡಿಸಿಕೊಂಡು ಬಂದಿದ್ದರು: ಕೆಂಪು ಬಣ್ಣ, ಮೊಳದುದ್ದ, ಅಂಚಿನಲ್ಲಿ ಎಣ್ಣೆ ಕಲೆ. ಒಳಗಿದ್ದವರದ್ದೇ ಈಗ ತಾಪತ್ರಯ.

ಪಾಪ, ಮೇಷ್ಟ್ರು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವರು. ‘ವ್ಯಾಖ್ಯೆ ಬರೆಯಿರಿ, ಎರಡು ಅಂಕ’ ಎಂದು ಇಪ್ಪತ್ತು ವರ್ಷ ಮಕ್ಕಳ ಪ್ರಾಣ ಹಿಂಡಿದವರು. ನಿನ್ನೆ ಮನೆ ಬದಲಾಯಿಸುವಾಗ ದೇವರನ್ನೂ ಗೋಡೆ ಗಡಿಯಾರವನ್ನೂ ತಾವೇ ಹೊತ್ತು ಬಸ್ಸು ಹತ್ತಿದ್ದರು. ಇಳಿಯುವಾಗ ಗಡಿಯಾರ ಮಾತ್ರ ಇಳಿಯಿತು. ಮಗಳ ಮನೆಗೆ ಹೋಗಿದ್ದ ಅಮ್ಮ ಎರಡು ತಿಂಗಳ ಮೇಲೆ ಇವತ್ತು ಸಂಜೆ ಐದಕ್ಕೆ ಬರುತ್ತಾಳೆ. ಹೊರಡುವಾಗ ಅವಳು ಹೇಳಿದ್ದು ಒಂದೇ ಮಾತು, “ದೇವರು ಜೋಪಾನ ಕಣೋ.” ನಲವತ್ತಮೂರು ವರ್ಷದಲ್ಲಿ ಅಮ್ಮ ಮಗನನ್ನು ನಂಬಿ ಒಪ್ಪಿಸಿದ ಮೊದಲ ಕೆಲಸ ಅದು. ಈಗ ಮೂರು ಗಂಟೆ.

ಹೆಂಡತಿ: ಗಡಿಯಾರನ ಎದೆಗೆ ಅವುಚಿಕೊಂಡು ಇಳಿದ್ರಲ್ಲ, ಹಸುಗೂಸಿನ ಥರ!

ಮೇಷ್ಟ್ರು: ಗಾಜು ಒಡೆಯುತ್ತೆ ಅಂತ ಕಣೇ. ದೇವರಿಗೇನಾಗುತ್ತೆ ಅಂದ್ಕೊಂಡೆ.

ಗುಮಾಸ್ತ: ಗಂಡ ಹೆಂಡತಿ ಜಗಳ ಹೊರಗೆ. ಇಲ್ಲಿ ಏಳನೇ ಕಾಲಂ.

ಮೇಷ್ಟ್ರು: ಬರ್ಕೊಳ್ಳಿ. ಎಲ್ಲಾ ಕಡೆ ಇರೋನು.

ಗುಮಾಸ್ತ: ಹಾಗಾದ್ರೆ ನಿಮ್ಮ ಮನೇಲೂ ಇದಾನೆ. ಕಳೆದೇ ಇಲ್ಲ. ಮುಂದಿನವರು ಬನ್ನಿ!

ಮೇಷ್ಟ್ರು: ಅಯ್ಯೋ ಇರಿ, ಇರಿ! ಹೊಡೆದು ಹಾಕಿ ಅದನ್ನ. ಸರ್ವಶಕ್ತ ಅಂತ ಹಾಕಿ.

ಗುಮಾಸ್ತ: ಹದಿನೆಂಟನೇ ನಂಬರ್ ಬಸ್ಸಿನ ಅಟ್ಟಣಿಗೆಯಿಂದ ಕೆಳಗಿಳಿಯೋಕೆ ಆಗದೋರಾ?

ಹೆಂಡತಿ ಬಾಯಿಗೆ ಸೆರಗಿಟ್ಟು ನಕ್ಕಳು. ಮೇಷ್ಟ್ರು ಅವಳನ್ನು ದುರುಗುಟ್ಟಿ ನೋಡಿದರು.

ಮೇಷ್ಟ್ರು: ಸರಿ. ಎಲ್ಲಾನೂ ಮಾಡಿದವನು. ಭೂಮಿ, ಆಕಾಶ, ಬಸ್ಸು, ನೀವು.

ಗುಮಾಸ್ತ: ತಯಾರಕರು ಯಾರು ಅನ್ನೋದು ಒಂಬತ್ತನೇ ಕಾಲಂ. ನೀವು ಸಾಮಾನೇ ತಯಾರಕರು ಅಂತಿದೀರಿ. ಇದನ್ನ ತಯಾರಿಸಿದವರು ಯಾರು?

ಮೇಷ್ಟ್ರು: ಯಾರೂ ಇಲ್ಲ. ತಾನಾಗೇ ಇದ್ದಿದ್ದು.

ಗುಮಾಸ್ತ: ‘ತಯಾರಕರ ಹೆಸರಿಲ್ಲ.’ ನಕಲಿ ಮಾಲಿಗೂ ಹೀಗೇ ಬರೀತೀವಿ, ಬೇಜಾರು ಮಾಡ್ಕೋಬೇಡಿ. ಸಜೀವವೋ, ನಿರ್ಜೀವವೋ?

ಮೇಷ್ಟ್ರು: ಅದೇನ್ರೀ ಪ್ರಶ್ನೆ!

ಗುಮಾಸ್ತ: ಸಜೀವ ಆದ್ರೆ ನನ್ನ ಕಿಟಕಿ ಅಲ್ಲ. ಹಿಂದುಗಡೆ ಶೆಡ್ಡಿಗೆ ಹೋಗ್ಬೇಕು. ಈಗ ಅಲ್ಲಿ ಒಂದು ಗಿಳಿ, ಎರಡು ಬೆಕ್ಕು ಇವೆ.

ಮೇಷ್ಟ್ರು: ಸಜೀವ ಅಂದ್ರೆ ಉಸಿರಾಡ್ಬೇಕು, ಬೆಳೀಬೇಕು, ಮರಿ ಹಾಕ್ಬೇಕು. ಎಂಟನೇ ಕ್ಲಾಸಿನ ಪಾಠ.

ಗುಮಾಸ್ತ: ಮರಿ ಹಾಕುತ್ತಾ?

ಹೆಂಡತಿ: ಐದು ಗಂಟೆಗೆ ನಮ್ಮತ್ತೆ ಬರ್ತಾರೆ. ಈ ಪ್ರಶ್ನೆ ಅವರ ಮುಂದೆ ಕೇಳಿ, ನಾನು ಪಕ್ಕದಲ್ಲಿ ನಿಂತು ನೋಡ್ತೀನಿ.

ಮೇಷ್ಟ್ರು: ನಿರ್ಜೀವ ಅಂತಲೇ ಬರೀರಿ.

ಅಂದವರೇ ನಾಲಿಗೆ ಕಚ್ಚಿಕೊಂಡರು. ಗುಮಾಸ್ತ ಬರೆದೇಬಿಟ್ಟ. ಅವನ ಪೆನ್ನು ಇಂಥದ್ದಕ್ಕೆಲ್ಲ ತಡವರಿಸುವ ಪೈಕಿ ಅಲ್ಲ.

ಹೆಂಡತಿ: ನೀವು ಸರೀರಿ ಈ ಕಡೆ, ನಾನು ಹೇಳ್ತೀನಿ. ನೋಡಿ ಸ್ವಾಮಿ, ಅದು ಒಂದು ಮೂಲೇಲಿ ಸುಮ್ನೆ ಕೂತಿರುತ್ತೆ. ಏನು ಕೇಳಿದ್ರೂ ಬಾಯಿ ಬಿಡಲ್ಲ. ಅದರ ಮುಂದೆ ಎಲ್ಲರೂ ತಗ್ಗಿ ಬಗ್ಗಿ ನಡೀಬೇಕು. ಕೆಲಸ ಆದ್ರೆ ಅದರಿಂದಲೇ ಆಯ್ತು ಅಂತೀವಿ. ಆಗದಿದ್ರೆ ನಮ್ಮದೇ ತಪ್ಪು ಅಂತೀವಿ.

ಗುಮಾಸ್ತ ಪೆನ್ನು ಕೆಳಗಿಟ್ಟು, ಒಳಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದ.

ಗುಮಾಸ್ತ: ಅಮ್ಮಾ, ಇದು ನಮ್ಮ ದೊಡ್ಡ ಸಾಹೇಬರಿಗೂ ಸರಿಯಾಗಿ ಹೊಂದುತ್ತೆ. ನಿಯಮದ ಪ್ರಕಾರ ನಡೆಯಲ್ಲ.

ಹೆಂಡತಿ: ನಮ್ಮ ಮನೆಯವರಿಗೂ ಹೊಂದುತ್ತೆ ಬಿಡಿ. ಕೆಲಸ ಆಗೋದೊಂದು ಬಿಟ್ಟು.

ಮೇಷ್ಟ್ರು: ನಗಾಡಬೇಡ ಕಣೇ! ಅದು ಕೇಳಿದ್ದನ್ನ ಕೊಡುತ್ತೆ ರೀ. ಅಮ್ಮ ಊರಲ್ಲಿಲ್ಲದ ಈ ಎರಡು ತಿಂಗಳು ನಾನೇ ಬೆಳಗ್ಗೆ ಸಂಜೆ ಅದರ ಮುಂದೆ ನಿಂತು ಕೇಳ್ಕೊಂಡೆ. ಏನು ಹೇಳ್ತೀರಿ! ನನ್ನ ಜೀವ ತಿಂತಿದ್ದ ಹೆಡ್‌ಮಾಸ್ಟರಿಗೆ ವರ್ಗ ಆಯ್ತು. ನೀರು ಬರೋ ಮನೆ ಸಿಕ್ತು. ಇವಳ ಸೊಂಟನೋವು ಹೋಯ್ತು.

ಹೆಂಡತಿ: ಸೊಂಟಕ್ಕೆ ಮಾತ್ರೆ ನುಂಗಿದ್ದು ನಾನು.

ಮೇಷ್ಟ್ರು: ಮಾತ್ರೆ ಮೂರು ವರ್ಷದಿಂದ ನುಂಗ್ತಿದ್ದೆ ತಾನೆ? ಹೋಗಿದ್ದು ಯಾವಾಗ?

ಹೆಂಡತಿ ಸೊಂಟ ಮುಟ್ಟಿ ನೋಡಿಕೊಂಡಳು. ಮದುವೆಯಾದ ಮೇಲೆ ವಾದದಲ್ಲಿ ಗಂಡ ಗೆದ್ದದ್ದು ಇದು ಎರಡನೆಯದೋ ಮೂರನೆಯದೋ ಸಲ.

ಗುಮಾಸ್ತ: ಏನು ಕೊಡುತ್ತೆ ಅನ್ನೋದು ಬೇಡ. ನೋಡೋಕೆ ಹೆಂಗಿದೆ?

ಮೇಷ್ಟ್ರು: ನೋಡಿಲ್ಲ.

ಗುಮಾಸ್ತ: ಏನಂದ್ರಿ?

ಮೇಷ್ಟ್ರು: ನಮ್ಮ ಮನೇಲಿ ಬಟ್ಟೆ ಬಿಚ್ಚೋದು ಹಿರೀ ಹೆಂಗಸು ಒಬ್ಬಳೇ. ಮಿಕ್ಕವರು ಗಂಟಿಗೇ ಕೈ ಮುಗೀಬೇಕು. ನಮ್ಮಪ್ಪನೂ ನೋಡದೇ ಸತ್ತ. ಕಲ್ಲು ಅಂತ ಮಾತ್ರ ಗೊತ್ತು.

ಗುಮಾಸ್ತ: ಅಲ್ರೀ, ನೋಡಿಲ್ಲ, ಏನು ಅಂತ ಗೊತ್ತಿಲ್ಲ, ಕಳೆದೋಯ್ತು ಅಂತ ಮಾತ್ರ ಗ್ಯಾರಂಟಿ!

ಮೇಷ್ಟ್ರು ಕಿಟಕಿಯ ಕಟ್ಟೆಗೆ ಒರಗಿದರು. ಬೆಳಗ್ಗೆಯಿಂದ ಒಂದು ಲೋಟ ನೀರು ಕುಡಿದಿರಲಿಲ್ಲ. ಅಮ್ಮ ಹೊಸ ಮನೆಯ ಹೊಸ್ತಿಲಲ್ಲಿ ನಿಂತು ‘ಎಲ್ಲೋ ದೇವರು?’ ಅನ್ನುವುದು, ತಾನು ಗಡಿಯಾರ ತೋರಿಸುವುದು, ಎಲ್ಲ ಕಣ್ಣಿಗೆ ಕಟ್ಟಿದಂತಾಯಿತು.

ಮೇಷ್ಟ್ರು: ಸ್ವಾಮಿ, ಒಪ್ಕೊಂಡೆ. ದೇವರು ಅಂದ್ರೆ ಏನು ಅಂತ ನಂಗೆ ಗೊತ್ತಿಲ್ಲ. ಎರಡಕ್ಕೆ ಸೊನ್ನೆ ಕೊಡಿ. ನಿನ್ನೆ ಮೊದಲನೇ ಸಲ ಕೈಯಲ್ಲಿ ಎತ್ತಿದೀನಿ. ಎಷ್ಟು ಭಾರ ಇತ್ತು ಅನ್ನೋದೊಂದು ಗೊತ್ತು.

ಗುಮಾಸ್ತ: ತೂಕ! ಅದನ್ನ ಮೊದಲೇ ಬೊಗಳ... ಹೇಳಬಾರ್ದಾ?

ಅವನು ಒಳಗೆ ಹೋಗಿ, ನಿನ್ನೆ ಬಂದ ಮೂರು ಕಲ್ಲುಗಳನ್ನು ತಟ್ಟೆಯಲ್ಲಿಟ್ಟು ತಂದ. ಮೇಷ್ಟ್ರು ಕಣ್ಣು ಮುಚ್ಚಿ ಒಂದನ್ನೆತ್ತಿದರು. ಊಹೂಂ. ಇನ್ನೊಂದನ್ನೆತ್ತಿದರು. ಅದೂ ಅಲ್ಲ. ಮೂರನೆಯದು ಅಂಗೈಗೆ ಬಂದದ್ದೇ ತಡ, ಮುಖ ಅರಳಿಹೋಯಿತು.

ಮೇಷ್ಟ್ರು: ಇದೇ! ನನ್ನಪ್ಪನೇ, ಬಂದ್ಯಾ? ಇದೇ ಸ್ವಾಮಿ, ಆಣೆ ಮಾಡ್ತೀನಿ!

ಹಣೆಗೆ ಒತ್ತಿಕೊಂಡು ಬಿಕ್ಕಿದರು. ಗುಮಾಸ್ತ ಸೀಲು ಕೈಗೆತ್ತಿಕೊಂಡ.

ಹೆಂಡತಿ: ರೀ.

ಮೇಷ್ಟ್ರು: ಸುಮ್ನಿರೇ, ಕೈ ಮುಗಿ.

ಹೆಂಡತಿ: ರೀ, ಅದು ನನ್ನ ಬೆಳ್ಳುಳ್ಳಿ ಜಜ್ಜೋ ಗುಂಡು.

ಮೇಷ್ಟ್ರು: ಬಿಡ್ತು ಅನ್ನು! ದೇವರ ಬಗ್ಗೆ ಮಾತಾಡ್ತಿದೀಯ.

ಹೆಂಡತಿ: ಗುಂಡಿನ ಬಗ್ಗೆ ಮಾತಾಡ್ತಿದೀನಿ. ಎರಡು ತಿಂಗಳಿಂದ ಹುಡುಕ್ತಿದೀನಿ! ಹಳೇ ಮನೆ ಪಕ್ಕದವಳು ಎತ್ಕೊಂಡಳು ಅಂತ ಅವಳ ಹತ್ರ ಮಾತು ಬಿಟ್ಟು ಬಂದಿದೀನಿ!

ಗುಮಾಸ್ತ: ನಿಲ್ಲಿಸಿ. ಒಂದು ವಸ್ತು, ಇಬ್ಬರು ವಾರಸುದಾರರು. ಈ ಗಂಟಿನೊಳಗೆ ಏನಿತ್ತು ಅಂತ ಕಣ್ಣಾರೆ ಕಂಡವರು ಯಾರಾದ್ರೂ ಇದಾರಾ?

ಇರುವವಳು ಒಬ್ಬಳೇ. ಮೇಷ್ಟ್ರು ‘ಬೇಡ ಕಣೇ, ಬೇಡ ಕಣೇ’ ಅನ್ನುತ್ತಿರುವಾಗಲೇ ಹೆಂಡತಿ ಅತ್ತೆಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಕಿಟಕಿಯ ಕಟ್ಟೆಯ ಮೇಲಿಟ್ಟಳು.

ಅಮ್ಮ: ಯಾರು? ಬಸ್ಸಲ್ಲಿದೀನಿ, ಜೋರಾಗಿ ಹೇಳು!

ಮೇಷ್ಟ್ರು: ಅಮ್ಮಾ, ನಾನು. ದೇವರು... ನಮ್ಮ ದೇವರು...

ಅಮ್ಮ: ದೇವರಾ? ನನ್ನ ತೊಡೆ ಮೇಲಿದೆ. ಯಾಕೋ?

ಗುಮಾಸ್ತ ಸೀಲನ್ನು ಮೆಲ್ಲಗೆ ಕೆಳಗಿಟ್ಟ.

ಅಮ್ಮ: ಹೋಗುವಾಗ ಚೀಲದಲ್ಲಿಟ್ಟುಕೊಂಡೇ ಹೋದೆ. ನಿನ್ನ ಕೈಗೆ ಬಿಟ್ಟು ಹೋಗೋಕೆ ನನಗೇನು ತಲೆ ಕೆಟ್ಟಿದ್ಯಾ? ಜಾಗ ಖಾಲಿ ಕಾಣಬಾರ್ದು ಅಂತ ಅಡುಗೆಮನೆ ಗುಂಡನ್ನ ಅಂಥದೇ ಬಟ್ಟೇಲಿ ಸುತ್ತಿಟ್ಟೆ. ಸೊಸೆಗೆ ಹೇಳೋದು ಮರೆತೇಹೋಯ್ತು ನೋಡು. ಇಡ್ಲಾ?

ಫೋನು ನಿಂತಿತು. ಮೇಷ್ಟ್ರಿಗೆ ಎದೆಯ ಮೇಲಿನ ಬಂಡೆ ಇಳಿದಂತಾಗಬೇಕಿತ್ತು. ದೇವರು ಕ್ಷೇಮ, ಬೈಗುಳ ಇಲ್ಲ. ಆದರೆ ಅವರಿಗೆ ಅಳು ಬಂತು. ಅಮ್ಮ ನಂಬಿದ್ದಳು ಅಂತ ಎರಡು ತಿಂಗಳು ಎದೆಯುಬ್ಬಿಸಿ ಓಡಾಡಿದ್ದೆಲ್ಲ ಸುಳ್ಳಾಯಿತಲ್ಲ!

ಮೇಷ್ಟ್ರು: ಹಾಗಾದ್ರೆ ನನ್ನ ಮಾತು ಕೇಳಿಸಿಕೊಂಡಿದ್ದು ಯಾರೇ? ಆ ಹೆಡ್‌ಮಾಸ್ಟರು, ಮನೆ, ನಿನ್ನ ಸೊಂಟ...

ಹೆಂಡತಿ: ಬೆಳ್ಳುಳ್ಳಿ ಜಜ್ಜೋದೊಂದು ಬಿಟ್ಟು ಎಲ್ಲಾ ಮಾಡಿದೆ. ಕೊಡಿ ಇತ್ಲಾಗೆ.

ಮೇಷ್ಟ್ರು: ಕೊಡಲ್ಲ! ಇದರ ಮೇಲೆ ಬೆಳ್ಳುಳ್ಳಿ ಬಿದ್ರೆ ನೋಡು!

ಗುಮಾಸ್ತ: ಕಚೇರಿ ವಸ್ತು, ತಟ್ಟೆಗೆ ಇಡಿ. ಅರ್ಜಿಯಲ್ಲಿ ಇರೋದು ದೇವರು. ಗುಂಡು ಬೇಕಾದ್ರೆ ಬೇರೆ ಅರ್ಜಿ. ವಿವರ?

ಹೆಂಡತಿ: ಕರಿಕಲ್ಲು. ಗೇಣುದ್ದ. ತಳ ದಪ್ಪ, ತಲೆ ಸಣ್ಣ. ಎಡಗಡೆ ಚಕ್ಕೆ ಎದ್ದಿದೆ, ಬಾಗಿಲ ಚಿಲಕ ಸಿಕ್ಕಿಕೊಂಡಾಗ ಇವರು ಅದರಲ್ಲಿ ಬಡಿದಿದ್ದು. ಮೂಸಿ ನೋಡಿ, ಈಗಲೂ ಬೆಳ್ಳುಳ್ಳಿ.

ಗುಮಾಸ್ತ ಮೂಸಿದ. ಧಡ್ ಎಂದು ಸೀಲು ಬಿತ್ತು.

ಗುಮಾಸ್ತ: ಹದಿನಾರು ವರ್ಷದಲ್ಲಿ ಇಂಥಾ ವಿವರ ಕೇಳಿರಲಿಲ್ಲ ತಾಯಿ. ತಗೊಳ್ಳಿ.

ಗುಂಡು ಹೆಂಡತಿಯ ಚೀಲ ಸೇರಿತು. ಗುಮಾಸ್ತ ಮೊದಲಿನ ಅರ್ಜಿಯನ್ನು ಎರಡು ಬೆರಳಲ್ಲಿ ಹಿಡಿದೆತ್ತಿದ.

ಗುಮಾಸ್ತ: ಮೇಷ್ಟ್ರೇ, ಇದನ್ನ ಹರಿದು ಹಾಕ್ಲಾ? ದೇವರು ಕಳೆದಿದೆ ಅಂತ ಕೊಟ್ಟಿದ್ರಲ್ಲ. ಏಳನೇ ಕಾಲಂನಲ್ಲಿ ಬರೆದಿದ್ದೆಲ್ಲ ಹೊಡೆದು ಹಾಕಿದ ಮೇಲೆ ಅದು ಇನ್ನೂ ಖಾಲಿನೇ.

ಮೇಷ್ಟ್ರು ಹೆಂಡತಿಯ ಚೀಲ ನೋಡಿದರು. ಕಟ್ಟೆಯ ಮೇಲಿನ ಫೋನು ನೋಡಿದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು.

ಮೇಷ್ಟ್ರು: ಹರೀಬೇಡಿ, ಇರಲಿ. ಸಿಕ್ಕಿದ್ರೆ ನೀವೇ ತುಂಬಿ, ನಂಗೊಂದು ಕಾಗದ ಹಾಕಿ.